ಅಕ್ಕನ ಕಿವಿ

ನಾನು ಹಾರ್ಮೋನಿಯಂ ನುಡಿಸುತ್ತೇನೆ. ವಿದ್ವಾಂಸನೇನಲ್ಲ. ಹಾಸನದ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವನು. ಸಂಜೆ ಮನೆಗೆ ಬಂದು ಕಾಫಿ ಕುಡಿದು ಒಂದು ಗಂಟೆ ಪೆಟ್ಟಿಗೆಯ ಮುಂದೆ ಕೂರದಿದ್ದರೆ ರಾತ್ರಿ ಊಟ ಸೇರುವುದಿಲ್ಲ, ಅಷ್ಟೆ. ನನ್ನ ಸಂಗೀತದ ಜೊತೆಗಾತಿ ಅಂದರೆ ಅರಕಲಗೂಡಿನಲ್ಲಿರುವ ನನ್ನಕ್ಕ. ಭಾವನದು ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಅಕ್ಕ ವೀಣೆ ಹಿಡಿದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಮಗಳ ಮದುವೆ ಮುಗಿದ ಮೇಲೆ. ರುದ್ರಪಟ್ಟಣದ ಕಡೆಯ ವಯಸ್ಸಾದ ಮೇಷ್ಟ್ರೊಬ್ಬರು ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು ಪಾಠ ಹೇಳುತ್ತಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೆಂಟರು ಆಡಿಕೊಂಡಾಗ ಅಕ್ಕ ಅಂದದ್ದು ಒಂದೇ ಮಾತು: "ಸಾಯೋಗಂಟ ಅಡಿಗೆಮನೇಲೇ ಬಿದ್ದಿರಾಕೆ ನಾನೇನು ಒಲೆಗುಂಡಾ?"

ಹದಿನೈದು ದಿನಕ್ಕೊಂದು ಭಾನುವಾರ ನಾನು ಪೆಟ್ಟಿಗೆ ಹೊತ್ತುಕೊಂಡು ಅರಕಲಗೂಡಿಗೆ ಹೋಗುತ್ತಿದ್ದೆ. ವೀಣೆಗೂ ಹಾರ್ಮೋನಿಯಂಗೂ ಸರಿಹೋಗುವುದಿಲ್ಲ ಎನ್ನುವುದು ತಿಳಿದವರ ಮಾತು. ನಮಗೆ ಸರಿಹೋಗುತ್ತಿತ್ತು. "ನಿನ್ ಪೆಟ್ಗೆ ಮಗ್ಗಿ ಒಪ್ಪುಸ್ದಂಗೆ ನುಡೀತದೆ ಕಣ್ಲಾ" ಎಂದು ಅಕ್ಕ ಛೇಡಿಸುತ್ತಿದ್ದಳು. ಮೇಷ್ಟ್ರು ತೀರಿಕೊಂಡ ಮೇಲೆ ಸ್ವರದ ವಿಷಯದಲ್ಲಿ ಅವಳಿಗೆ ಏನೇ ಅನುಮಾನ ಬಂದರೂ ನನ್ನನ್ನೇ ಕೇಳುತ್ತಿದ್ದಳು. ಅದು ನನಗೆ ಸ್ವಲ್ಪ ಕೊಂಬು ಮೂಡಿಸಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಚನ್ನರಾಯಪಟ್ಟಣದಲ್ಲಿ ನಮ್ಮ ಚಿಕ್ಕಮ್ಮನ ಮಗ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಊಟವಾದ ಮೇಲೆ ಅಕ್ಕ ಒಂದು ಕಾಲು ಗಂಟೆ ವೀಣೆ ನುಡಿಸಲಿ ಅಂತ ಅವನೇ ಕೇಳಿದ್ದ. ಹೊರಗಿನವರ ಮುಂದೆ ಅವಳು ನುಡಿಸುವುದು ಅದೇ ಮೊದಲು. ಅಡಿಗೆ ಕೆಲಸಕ್ಕೆಂದು ಅವಳು ಎರಡು ದಿನ ಮುಂಚೆಯೇ ಬಸ್ಸು ಹತ್ತಿದಳು. ವೀಣೆಯನ್ನು ಅರಕಲಗೂಡಿನಿಂದ ಕಾರಿನಲ್ಲಿ ತರುವುದು ನನ್ನ ಪಾಲಿಗೆ ಬಂತು. ಹೊರಡುವ ದಿನ ಬೆಳಿಗ್ಗೆ ಫೋನಿನಲ್ಲಿ ಹೇಳಿದಳು: "ಎಲ್ಲೂ ಬಿಸ್ಲಲ್ಲಿ ನಿಲ್ಲುಸ್ಬ್ಯಾಡ. ಮೇಣ ಕರಗ್ಬುಟ್ಟದು."

ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ವೀಣೆಯ ಮೈಮೇಲೆ ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟುಗಳಿರುತ್ತವೆ. ತಂತಿಯನ್ನು ಅವುಗಳ ಮೇಲೆ ಒತ್ತಿದರೆ ಸ್ವರ. ಅವನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಕಪ್ಪು ಮಸಿ ಸೇರಿಸಿದ ಜೇನುಮೇಣದ ಮೇಲೆ ಒಂದೊಂದನ್ನೂ ಕಿವಿಯಿಂದ ಕೇಳಿ ಕೇಳಿ ಒತ್ತಿ ನಿಲ್ಲಿಸಿರುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಮೆಟ್ಟು ಒಂಚೂರು ಅತ್ತಿತ್ತ ಸರಿದರೂ ಸ್ವರ ಹೋಯಿತೆಂದೇ ಲೆಕ್ಕ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹೊಳೆನರಸೀಪುರದಲ್ಲಿ ಕಾರು ನಿಲ್ಲಿಸಿದೆ. ಅಲ್ಲಿ ನನ್ನಂತೆಯೇ ಹಾರ್ಮೋನಿಯಂ ಹುಚ್ಚಿನ ಗೆಳೆಯನೊಬ್ಬನಿದ್ದಾನೆ. ಹಳೆಯ ಕಾಲದ ತೇಗದ ಪೆಟ್ಟಿಗೆಯೊಂದನ್ನು ಎಲ್ಲಿಂದಲೋ ತಂದಿದ್ದ. ಐದು ನಿಮಿಷ ನೋಡಿ ಹೋಗು ಅಂದ. ರಸ್ತೆಯ ಆಚೆಬದಿ ಹೊಂಗೆ ಮರದ ನೆರಳಿತ್ತು, ಅಲ್ಲೊಂದು ಟೆಂಪೋ ನಿಂತಿತ್ತು. ಐದು ನಿಮಿಷ ತಾನೆ ಅಂದುಕೊಂಡು ಬಿಸಿಲಲ್ಲೇ ಬಿಟ್ಟೆ, ಗಾಜು ಏರಿಸಿ ಬೀಗವನ್ನೂ ಹಾಕಿದೆ. ಆ ಪೆಟ್ಟಿಗೆಯ ನಾದ ಕೇಳಿದವನಿಗೆ ಐದು ನಿಮಿಷ ಎರಡು ಗಂಟೆಯಾದದ್ದು ತಿಳಿಯಲಿಲ್ಲ.

ಕಾರಿನ ಬಾಗಿಲು ತೆಗೆದಾಗ ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಹಿಂದಿನ ಸೀಟಿನಲ್ಲಿ ನನ್ನ ಹಾರ್ಮೋನಿಯಂ ಪೆಟ್ಟಿಗೆ ಜಾರಿ ವೀಣೆಯ ಮೇಲೆ ಒರಗಿತ್ತು. ಸುತ್ತಿದ್ದ ಬೆಡ್‌ಶೀಟ್ ಬಿಡಿಸಿ ನೋಡಿದೆ. ಮಧ್ಯದ ಐದಾರು ಮೆಟ್ಟುಗಳು ಸೊಟ್ಟಗಾಗಿ ಮೇಣದಲ್ಲಿ ಹೂತಿದ್ದವು. ಮೇಣ ಇನ್ನೂ ಮೆತ್ತಗಿತ್ತು. ಹೆಬ್ಬೆರಳಿನಿಂದ ಒಂದೊಂದನ್ನೇ ತಳ್ಳಿ, ಪಕ್ಕದವನ್ನು ನೋಡಿಕೊಂಡು ಕಣ್ಣಳತೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಎಸಿಯ ತಂಪಿಗೆ ಮೇಣ ಗಟ್ಟಿಯಾಗಿತ್ತು. ನೋಡಲು ಏನೂ ಆದಂತಿರಲಿಲ್ಲ. ಕಿವಿಯಿಂದ ಮಾಡುವ ಕೆಲಸವನ್ನು ಕಣ್ಣಿನಿಂದ ಮಾಡಿದ್ದೆ.

ಅಕ್ಕ ಜಮಖಾನದ ಮೇಲೆ ಕೂತಳು. ಹಸಿರು ರೇಷ್ಮೆ ಸೀರೆ, ಮುಖದ ತುಂಬ ಬೆವರು. ಜನ ಎಲೆ ಅಡಿಕೆ ಹಾಕಿಕೊಂಡು ಸುತ್ತ ಕೂತಿದ್ದರು. ಮೆಟ್ಟಿಗೆ ಒತ್ತದೆ ಮೀಟುವ ಬಿಡಿ ತಂತಿಗಳ ಶ್ರುತಿ ಸರಿಯಾಗಿಯೇ ಕೂಡಿತು. ಸಣ್ಣದೊಂದು ಕೀರ್ತನೆ ಶುರುಮಾಡಿದಳು. ಕೆಳಗಿನ ಸ್ವರಗಳು ಚೆನ್ನಾಗಿ ಬಂದವು. ಪಂಚಮಕ್ಕೆ ಹೋದದ್ದೇ ತಡ, ಅದು ಬೇರೆಲ್ಲಿಗೋ ಹೋಯಿತು. ನಿಲ್ಲಿಸಿ, ಬಿರಡೆ ತಿರುಗಿಸಿ ಮತ್ತೆ ಶುರುಮಾಡಿದಳು. ಮತ್ತೆ ಅದೇ. ಮೂರನೇ ಸಲ ಅವಳ ಬೆರಳುಗಳೇ ಹೆದರಿದ್ದವು. ನಮ್ಮ ಚಿಕ್ಕಮ್ಮ ಒಳ್ಳೆಯ ಮನಸ್ಸಿನಿಂದಲೇ "ಸಾಕು ಬುಡವ್ವ, ಕೈ ನೋಯ್ತದೆ" ಅಂದರು. ಅಕ್ಕ ನಕ್ಕು ಎಲ್ಲರಿಗೂ ಕೈಮುಗಿದು ವೀಣೆಯನ್ನು ಗೋಡೆಗೆ ಸರಿಸಿದಳು.

ವಾಪಸ್ಸು ಬರುವಾಗ ಕಾರಿನಲ್ಲಿ ಅಕ್ಕ ಕೇಳಿದಳು: "ಪಂಚಮ ಸೇರ್ಲಿಲ್ಲ ಅಲ್ವಾ? ವೀಣೆಗೇನಾದ್ರೂ ಆಯ್ತಾ?"

"ವೀಣೆಗೇನಾಗುತ್ತಕ್ಕ. ಜನರನ್ನ ನೋಡಿ ಗಾಬರಿಯಾಗಿದ್ದೀಯ" ಎಂದೆ.

ಒಂದು ದಿನ ಬಿಟ್ಟು ಹೇಳೋಣ ಅಂದುಕೊಂಡೆ. ಒಂದು ವಾರ ಬಿಟ್ಟು ಹೇಳೋಣ ಅಂದುಕೊಂಡೆ. ಮುಂದಿನ ಭಾನುವಾರ ಹೋದಾಗ ಅಕ್ಕ ಪಂಚಮದ ಮೆಟ್ಟಿನ ಮೇಲೆ ತಂತಿ ಒತ್ತಿ ಮೀಟಿ, ಪಕ್ಕದ ಬಿಡಿ ಪಂಚಮದ ತಂತಿಯನ್ನೂ ಮೀಟಿ, "ಇವೆರಡೂ ಒಂದೇ ಅನ್ನುಸ್ತದಾ ನಿಂಗೆ?" ಅಂದಳು. ಎರಡರ ನಡುವೆ ಅಳೆದು ತೋರಿಸುವಷ್ಟು ಅಂತರ ಕೇಳುತ್ತಿತ್ತು. "ಒಂದೇ ಅಲ್ವಾ" ಅಂದೆ. ನನ್ನ ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಅದರಷ್ಟು ಚಿಕ್ಕದು ಬೇರೆ ಇರಲಿಕ್ಕಿಲ್ಲ. ಅಲ್ಲಿಂದ ಮುಂದೆ ಹಾರ್ಮೋನಿಯಂ ಒಯ್ಯುವುದನ್ನೇ ಬಿಟ್ಟೆ. ತಿದಿ ಹರಿದಿದೆ, ರಿಪೇರಿಗೆ ಕೊಟ್ಟಿದ್ದೇನೆ ಅಂದೆ. ಪೆಟ್ಟಿಗೆ ಪಕ್ಕದಲ್ಲಿದ್ದಿದ್ದರೆ ಅದರ ಒಂದೇ ಸ್ವರದ ಮನೆ ಒತ್ತಿದ್ದರೂ ನಿಜ ಹೊರಗೆ ಬರುತ್ತಿತ್ತು.

ಜೂನ್‌ನಲ್ಲಿ ಅಕ್ಕನೇ ಫೋನ್ ಮಾಡಿ ಹಾಸನದಲ್ಲಿ ಕಿವಿ ಡಾಕ್ಟರಿಗೆ ತೋರಿಸಬೇಕು ಅಂದಳು. ಕರೆದುಕೊಂಡು ಹೋದೆ. ಗಾಜಿನ ಬಾಗಿಲಿನ ಸಣ್ಣ ಕೋಣೆಯಲ್ಲಿ ಅವಳಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಡಾಕ್ಟರು ಒಳ್ಳೆಯವರು. "ಐವತ್ತೇಳಕ್ಕೆ ಎಲ್ಲರಿಗೂ ಇರುವಷ್ಟೇ ಅಮ್ಮ, ತೀರಾ ಸಣ್ಣ ಸದ್ದು ಒಂಚೂರು ಕಮ್ಮಿ ಕೇಳ್ತದೆ, ಚಿಂತೆಯೇನಿಲ್ಲ" ಅಂದರು. ಅಕ್ಕನಿಗೆ ಕೇಳಿಸಿದ್ದು 'ಕಮ್ಮಿ' ಎನ್ನುವುದೊಂದೇ. ಹೊರಗೆ ಬಂದು "ನಂಗೆ ಗೊತ್ತಿತ್ತು" ಅಂದಳು. ನನಗೆ ಆಗ ಏನನ್ನಿಸಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಹಗುರವೆನಿಸಿತು. ಡಾಕ್ಟರೇ ಹೇಳಿದ ಮೇಲೆ ನನ್ನದೇನು ಉಳಿಯಿತು? "ಅದೇ ಇರಬೇಕಕ್ಕ" ಅಂದೆ.

ವೀಣೆ ಗವಸು ಹಾಕಿಕೊಂಡು ಬೀರುವಿನ ಪಕ್ಕ ಸೇರಿತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಸೋಮವಾರ ಈಶ್ವರನ ಗುಡಿಯಲ್ಲಿ ಹೆಂಗಸರ ಭಜನೆ ನಡೆಯುತ್ತದೆ, ಅಕ್ಕನೇ ಹೇಳಿಕೊಡುವವಳು. ಅಲ್ಲಿ ಹಿಂದಿನ ಸಾಲಿಗೆ ಹೋಗಿ ತುಟಿ ಮಾತ್ರ ಆಡಿಸತೊಡಗಿದಳು. ಭಾವನಂತೂ ಅವಳ ಹತ್ತಿರ ಕೂಗಿ ಕೂಗಿ ಮಾತಾಡಲು ಶುರುಮಾಡಿದರು. ಒಂದು ದಿನ ನನ್ನೆದುರೇ "ಕಾಪಿ ಕೊಡೂ" ಎಂದು ಬೀದಿಗೆ ಕೇಳುವಂತೆ ಅರಚಿದರು. ಅಕ್ಕ ಗದರಲಿಲ್ಲ. ಮುಂಚಿನ ಅಕ್ಕನಾಗಿದ್ದರೆ ಲೋಟವನ್ನೇ ಕುಕ್ಕುತ್ತಿದ್ದಳು. ಯಾರಾದರೂ ವೀಣೆಯ ಸುದ್ದಿ ಎತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು.

ಈ ಫೆಬ್ರವರಿಯಲ್ಲಿ ಅಕ್ಕ ಹೇಳಿದಳು: "ಸಾಲಗಾಮೆಲಿ ಯಾವ್ದೋ ಹೆಣ್ಮಗ ವೀಣೆ ಕಲೀತಾ ಅದಂತೆ. ಕೊಟ್ಬುಡನ ಕಣ್ಲಾ. ಇಲ್ಲಿ ಸುಮ್ನೆ ದೂಳು ಇಡೀತದೆ. ಅದುಕ್ಕೇನಾದ್ರೂ ರಿಪೇರಿ ಇದ್ರೆ ಮಾಡುಸ್ಬುಟ್ಟು ಕೊಡು."

ಮೈಸೂರಿನಿಂದ ತಿಂಗಳಿಗೊಮ್ಮೆ ಹಾಸನಕ್ಕೆ ಬರುವ, ಮೇಳ ಕಟ್ಟುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ವೀಣೆ ಇಟ್ಟೆ. ಅವರು ಕನ್ನಡಕ ಏರಿಸಿ, ಬಗ್ಗಿ ನೋಡಿ, ಮೇಣದ ಮೇಲೆ ಉಗುರು ಆಡಿಸಿದರು.

"ಇದನ್ನ ಯಾರೋ ಕೈಯಲ್ಲಿ ತಳ್ಳವ್ರೆ ಸಾ. ನೋಡಿ, ಹೆಬ್ಬೆಟ್ಟು ಒತ್ತಿರೋ ಗುರ್ತು ಇಲ್ಲೇ ಅದೆ."

ಇತ್ತು. ಕಪ್ಪು ಮೇಣದಲ್ಲಿ ಬೆರಳ ಗೆರೆಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಎರಡು ದಿನ ಬಿಟ್ಟು ಬನ್ನಿ, ಹಳೆ ಮೇಣ ಎಲ್ಲ ಕೆರೆದು ಹೊಸದಾಗಿ ಕಟ್ಟಿಕೊಡ್ತೀನಿ ಅಂದರು. ನನ್ನ ತಲೆ ಬೇಗ ಬೇಗ ಲೆಕ್ಕ ಹಾಕಿತು. ಕೆರೆದುಬಿಟ್ಟರೆ ಗುರುತೂ ಹೋಗುತ್ತದೆ. ಹೊಸ ಮೇಳದ ವೀಣೆಯನ್ನು ಅಕ್ಕನ ಮುಂದಿಟ್ಟು, ಕೊಡುವ ಮುಂಚೆ ಒಂದು ಸಲ ನುಡಿಸು ಅನ್ನಬಹುದು. ಸ್ವರ ಸೇರುತ್ತದೆ. ಕಿವಿ ತಾನಾಗಿ ವಾಸಿಯಾಯಿತು ಅಂದುಕೊಳ್ಳುತ್ತಾಳೆ, ದೇವರಿಗೆ ಹರಕೆಯನ್ನೂ ಒಪ್ಪಿಸುತ್ತಾಳೆ. ಯಾರಿಗೂ ನಷ್ಟವಿಲ್ಲ. ಅವರು ಕೆರೆಯುವ ಉಳಿಯನ್ನು ಕೈಗೆತ್ತಿಕೊಂಡೂ ಆಗಿತ್ತು. ಅಷ್ಟರಲ್ಲಿ ನನ್ನ ಬಾಯಿಂದ "ತಡೀರಿ" ಎಂಬ ಮಾತು ಬಂತು. ಧೈರ್ಯದಿಂದ ಬಂದದ್ದಲ್ಲ. ಇನ್ನೊಂದು ಸುಳ್ಳನ್ನು ಹೊರಲು ಆಗುತ್ತಿರಲಿಲ್ಲ.

ವೀಣೆಯನ್ನು ಹಾಗೇ ಅರಕಲಗೂಡಿಗೆ ಒಯ್ದೆ. ಅಕ್ಕ ಹಜಾರದಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಗವಸು ತೆಗೆದು ಎದುರಿಗಿಟ್ಟು, ಆ ಜಾಗವನ್ನು ತೋರಿಸಿ, ಪಕ್ಕದಲ್ಲಿ ನನ್ನ ಹೆಬ್ಬೆರಳನ್ನು ಹಿಡಿದೆ. ಹೊಳೆನರಸೀಪುರದ ಬಿಸಿಲಿನಿಂದ ಹಿಡಿದು ಡಾಕ್ಟರ ತನಕ ಎಲ್ಲವನ್ನೂ ಹೇಳಿದೆ. ಅವಳು ಕಾಳಿನ ಮೊರ ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೇಣದ ಗುರುತಿನ ಮೇಲೆ ತನ್ನ ಬೆರಳಿಟ್ಟು ನೋಡಿದಳು.

"ಅವತ್ತೇ ಕಾರಲ್ಲಿ ಯೇಳಿದ್ರೆ ಎರಡು ದಿನ ಬೈತಿದ್ದೆ, ಮೂರ್ನೇ ದಿನ ಮರ್ತುಬುಡ್ತಿದ್ದೆ" ಅಂದಳು. ಗುರುತಿನ ಮೇಲಿಂದ ಬೆರಳು ತೆಗೆದು ಮತ್ತೆ ಅಂದಳು: "ಸೇರ್ತಿಲ್ಲ ಅಂತ ನನ್ ಕಿವಿ ಬಡ್ಕೋತಾನೇ ಇತ್ತು ಕಣ್ಲಾ. ನಾನು ಅದನ್ನ ಬುಟ್ಟು ನಿನ್ನ ನಂಬ್ದೆ."

ಕ್ಷಮಿಸು ಅಂದೆ. ಅವಳು ಊಟಕ್ಕೆ ಏಳು ಅಂದಳು.

ಈಗ ಮೇಳ ಕಟ್ಟಿಸಿ ಆಗಿದೆ. ಅಕ್ಕ ವೀಣೆಯನ್ನು ಯಾರಿಗೂ ಕೊಡಲಿಲ್ಲ. ಸೋಮವಾರದ ಭಜನೆಯಲ್ಲಿ ಮತ್ತೆ ಮುಂದಿನ ಸಾಲಿಗೆ ಬಂದಿದ್ದಾಳೆ, ಭಾವನ ಅರಚಾಟವೂ ನಿಂತಿದೆ. ನಾನು ಭಾನುವಾರಗಳಂದು ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ. ಸ್ವರ ನೋಡುವ ಆ್ಯಪ್ ಒಂದಿದೆ. ತಂತಿ ಮೀಟಿದರೆ ಸ್ವರ ಸರಿಯಿದೆಯೋ ಇಲ್ಲವೋ ಎಂದು ಬಣ್ಣದಲ್ಲಿ ತೋರಿಸುತ್ತದೆ. ಅಕ್ಕ ಫೋನನ್ನು ಮುಂದಿಟ್ಟುಕೊಂಡು ಒಂದೊಂದೇ ಮೆಟ್ಟನ್ನು ಮೀಟುತ್ತಾಳೆ, ಹಸಿರು ಬಂದ ಮೇಲೆ ಮುಂದಕ್ಕೆ ಹೋಗುತ್ತಾಳೆ. ನಾನು ನನ್ನ ಪೆಟ್ಟಿಗೆಯಲ್ಲಿ ಪಂಚಮದ ಮನೆಯ ಮೇಲೆ ಬೆರಳಿಟ್ಟುಕೊಂಡು ಎದುರಿಗೇ ಕೂತಿರುತ್ತೇನೆ. ಅವಳು ನನ್ನನ್ನು ಏನೂ ಕೇಳುವುದಿಲ್ಲ. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ, ಆದರೂ ಆಗುತ್ತದೆ.

ಆ ಆ್ಯಪ್ ಅನ್ನು ಅವಳ ಫೋನಿಗೆ ಹಾಕಿಕೊಟ್ಟವನು ನಾನೇ. ನನ್ನ ಫೋನಿನಲ್ಲಿ ಅದು ಮೂರು ವರ್ಷದಿಂದ ಇದೆ. ಅವಳು ಗಾಜಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಗುಂಡಿ ಒತ್ತುತ್ತಿದ್ದಾಗಲೂ ಅದು ನನ್ನ ಜೇಬಿನಲ್ಲಿತ್ತು. ಇದೊಂದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ.