ಸೀರಿ ತಿರುವಿ ತೋರಿಸ್ರಿ ಸಾವ್ಕಾರ್ರ

ನಾಕು ವರ್ಷದ ಹಿಂದಿನ ಮಾತು. ಬನಹಟ್ಟಿಯ ನಮ್ಮ ಮನೆಯಲ್ಲಿ ಕೈಮಗ್ಗದ ಸೀರೆ ನೇಯುವವ ನಾನು, ಮಾರುವವಳು ನನ್ನ ಮೊಮ್ಮಗಳು ಗೌರಿ. ಮುಧೋಳ, ಜಮಖಂಡಿ, ಬೀಳಗಿಯ ಸಣ್ಣ ಅಂಗಡಿಯವರನ್ನು ಕೂಡಿಸಿ ಮೊಬೈಲಿನಲ್ಲಿ ಗ್ರೂಪ್ ಮಾಡಿದ್ದಳು. ನಾವು ಫೋಟೋ ಹಾಕುವುದು, ಅವರು ಅಲ್ಲೇ ಆರ್ಡರ್ ಕೊಡುವುದು. ನಾನು ಮೂರನೇ ಇಯತ್ತೆ ತನಕ ಸಾಲಿ ಕಲಿತವ. ಹುಡುಗಿ ಇಲ್ಲಿ ಬೆರಳಾಡಿಸಿದರೆ ಬೀಳಗಿಯಲ್ಲಿ ಸೀರೆ ಮಾರಾಟ! ಎದಿ ಉಬ್ಬಿ ಬರುತ್ತಿತ್ತು.

ಗ್ರೂಪಿನಲ್ಲಿ ರಬಕವಿಯ ವ್ಯಾಪಾರಿ ಚನಮಲ್ಲಪ್ಪನೂ ಇದ್ದ. ನಮ್ಮ ಫೋಟೋಗಳನ್ನು ಅಂಗಡಿಯವರಿಗೆ ಬೇರೆಯಾಗಿ ಕಳಿಸಿ, "ಮುದುಕನ ಮಾಲು ನನ್ನ ಕಡೇನ ಐತಿ" ಎಂದು ಯಾವುದೋ ಕಳಪೆ ಸೀರೆ ದಾಟಿಸುತ್ತಿದ್ದ. ಒಂದು ದಿನ ಮುಧೋಳದ ಅಂಗಡಿಯ ಶಾಂತಕ್ಕನ ಫೋನ್ ಬಂತು.

"ಕಾಕಾ, ನಿಮ್ಮ ಸೀರಿ ಒಂದ ಸಲ ತೊಳದ್ರ ಬಣ್ಣಾ ಹೋತು. ಗಿರಾಕಿ ನನ್ನ ಮಾರಿಗೆ ಒಗದು ಹೋದ್ರು."

ಮೋಸ ತಿಳಿಯುವಷ್ಟರಲ್ಲಿ ನಮ್ಮ ಹೆಸರು ಕೆಟ್ಟಿತ್ತು. ಆರ್ಡರ್ ನಿಂತವು. ಗೌರಿ ಅತ್ತಳು.

"ಗ್ರೂಪ್ ಮುಚ್ಚತೇನಿ ಮುತ್ಯಾ."

"ಯಾಕ ಮುಚ್ಚತಿ? ಅವನ ಬಾಯಿ ಮುಚ್ಚಸೂಣು."

ಹೊಸ ಅಂಚಿನ ಹಸಿರು ಸೀರೆಯೊಂದನ್ನು ಮಗ್ಗಕ್ಕೆ ಹೂಡಿದೆ. ಅರ್ಧ ನೇಯ್ದಾಗಲೇ ಗೌರಿ ಮಗ್ಗ ಕಾಣದ ಹಾಗೆ ಹತ್ತಿರದಿಂದ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಸಂಜೆಯೊಳಗೆ ಚನಮಲ್ಲಪ್ಪ ಅದನ್ನೇ ಶಾಂತಕ್ಕನಿಗೆ ಕಳಿಸಿ, "ಇಪ್ಪತ್ತು ರೆಡಿ ಅದಾವ" ಎಂದ. ಮೊದಲೇ ಮಾತಾಡಿಕೊಂಡಂತೆ ಶಾಂತಕ್ಕ ನಮಗೆ ತಿಳಿಸಿದಳು. ಮರುದಿನ ಚನಮಲ್ಲಪ್ಪನನ್ನೂ ಸೇರಿಸಿ ಗ್ರೂಪಿನವರನ್ನೆಲ್ಲ ವಿಡಿಯೊ ಕಾಲಿಗೆ ಕೂಡಿಸಿದೆವು.

ನಮ್ಮ ಕಡೆ ಸೀರೆ ಕೊಳ್ಳುವವರು ಮೊದಲು ತಿರುವಿ ಒಳಮೈ ನೋಡುತ್ತಾರೆ. ಕೈಕೆಲಸ ಗೊತ್ತಾಗುವುದು ಅಲ್ಲಿ. ಫೋಟೋ ಕದ್ದವನಿಗೆ ಅದೆಲ್ಲಿ ಸಿಗಬೇಕು?

"ಸಾವ್ಕಾರ್ರ, ಆ ಹಸರ ಸೀರಿ ತಿರುವಿ ತೋರಿಸ್ರಿ," ಎಂದಳು ಶಾಂತಕ್ಕ.

"ಗೋಡೌನಿನ್ಯಾಗ ಐತ್ರಿ."

"ನಿಮ್ಮ ಬೆನ್ನ ಹಿಂದ ಗಂಟು ಕಾಣಾಕತ್ತಾವ. ನೀವು ಕುಂತದ್ದು ಗೋಡೌನಿನ್ಯಾಗ ಅಲ್ಲೇನು?"

ಆಗ ಗೌರಿ ಮೊಬೈಲನ್ನು ನಮ್ಮ ಮಗ್ಗದ ಕೆಳಗೆ ಹಿಡಿದಳು. ಅದೇ ಸೀರೆ, ಅದರ ಒಳಮೈ, ಇನ್ನೂ ಅರ್ಧಮರ್ಧ! ನಾನು ಲಾಳಿ ಎಸೆದು ಎರಡೆಳೆ ಹಾಕಿಯೂ ತೋರಿಸಿದೆ. ಜಮಖಂಡಿಯ ಅಂಗಡಿಯವನೊಬ್ಬ ನಕ್ಕ: "ಸಾವ್ಕಾರ್ರ, ಅರ್ಧಾ ಸೀರಿ ಅರ್ಧಾ ರೇಟಿಗೆ ಕೊಡ್ತೀರೇನು?"

ಆಮೇಲೆ ಯಾರೂ ಚನಮಲ್ಲಪ್ಪನ ಮಾಲು ಮುಟ್ಟಲಿಲ್ಲ. ವಾರದೊಳಗೆ ನಮ್ಮ ಬಾಗಿಲಿಗೇ ಬಂದ.

"ಆದದ್ದಾತು ಬಿಡ್ರಿ ಕಾಕಾ. ಗ್ರೂಪಿನ್ಯಾಗ ಒಂದ ಮಾತು ಹೇಳಿ ನನ್ನ ಉಳಸ್ರಿ."

"ಹೇಳತೇನಿ. ಮೊದಲ ನೀವು ಬಣ್ಣಾ ಬಿಟ್ಟ ಸೀರಿ ಎಲ್ಲಾ ಶಾಂತಕ್ಕನ ಅಂಗಡಿಯಿಂದ ವಾಪಸ್ ತರ್ರಿ. ಗಾಡ್ಯಾಗ ಅಲ್ಲ, ಪ್ಯಾಟ್ಯಾಗ ಹಾದು ತಲಿ ಮ್ಯಾಲ ಹೊತಗೊಂಡು."

ಈಗ ಒಳಮೈಯ ವಿಡಿಯೊ ಇಲ್ಲದೆ ಗ್ರೂಪಿನಲ್ಲಿ ಒಂದೂ ಸೀರೆ ಮಾರಾಟವಾಗುವುದಿಲ್ಲ. ಗೌರಿಯ ಕಾಯಿದೆ ಅದು, ನನ್ನ ಬಂಗಾರದಂಥ ಮೊಮ್ಮಗಳದು! ಈ ಕಸುಬು ನನಗೆ ಕಲಿಸಿದ್ದು ಇಷ್ಟೇ: ನಾಕು ಮಂದಿಯ ಮುಂದೆ ಹೋದ ನಂಬಿಗಿ ನಾಕು ಮಂದಿಯ ಮುಂದೇ ಬರಬೇಕು, ಮೂಲೆಯಲ್ಲಿ ಕೈ ಮುಗಿದರೆ ಬರುವುದಿಲ್ಲ. ಅವನು ಗಂಟು ಹೊತ್ತು ಮುಧೋಳದ ಪೇಟೆ ದಾಟಿದ ದಿನ ನಾನು ಮಗ್ಗ ಬಿಟ್ಟು, ಬಸ್ ಹತ್ತಿ ಹೋಗಿ, ಕಣ್ಣು ತುಂಬ ನೋಡಿ ಬಂದೆ.