ಗಡಿಯಾರಮ್ಮ ಬೆಟ್ಟದ ಗೋಪುರ ಹತ್ತಿದ್ದು

ಆ ರೇಡಿಯೋ ಸ್ಟೇಷನ್ನನ್ನು ಯಾರೇ ಕೊಂಡುಕೊಳ್ಳಲಿ, ಜೊತೆಗೆ ಅವಳೂ ಬರುತ್ತಿದ್ದಳು, ಮನೆ ಕೊಂಡವರಿಗೆ ಗೋಡೆ ಗಡಿಯಾರ ಬಿಟ್ಟಿಯಾಗಿ ಸಿಕ್ಕ ಹಾಗೆ. ಅದಕ್ಕೇ ಸ್ಟುಡಿಯೋದವರೆಲ್ಲ ಅವಳನ್ನು ಗಡಿಯಾರಮ್ಮ ಎನ್ನುತ್ತಿದ್ದರು. ಮೊದಲು ಸಾಬೂನು ಮಾಡುವವರು ನಡೆಸಿದರು, ಆಮೇಲೆ ಪತ್ರಿಕೆಯವರು, ಆಮೇಲೆ ಬಡಾವಣೆ ಕಟ್ಟಿ ಮಾರುವವರು. ಬಂದವರೆಲ್ಲ ಮೊದಲು ಸ್ಟೇಷನ್ನಿನ ಹೆಸರು ಬದಲಾಯಿಸುತ್ತಿದ್ದರು, ಆಮೇಲೆ ಕುರ್ಚಿಗಳನ್ನು. ಬೆಳಗಿನ ಕಾರ್ಯಕ್ರಮದಲ್ಲಿ ಪಟಪಟನೆ ಮಾತಾಡುವ ಗಡಿಯಾರಮ್ಮನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಕಾರ್ಯಕ್ರಮದ ನಡುವೆ ಒಂದು ಉಸಿರಿನಷ್ಟು ಮೌನ ಬಿದ್ದರೂ ಅವಳು ಸಹಿಸುತ್ತಿರಲಿಲ್ಲ. ರೇಡಿಯೋ ಸುಮ್ಮನಾಯಿತೆಂದರೆ ಜನ ಬೇರೆ ಸ್ಟೇಷನ್ನಿಗೆ ತಿರುಗಿಸಿಬಿಡುತ್ತಾರೆ ಎಂದು ಹೊಸಬರಿಗೆ ಕಿವಿ ಹಿಂಡಿ ಹೇಳಿಕೊಡುತ್ತಿದ್ದಳು.

ಇಡೀ ನಗರ ಕೇಳುತ್ತಿದ್ದ ಈ ದನಿಯನ್ನು ಒಬ್ಬಳು ಮಾತ್ರ ರೇಡಿಯೋದಲ್ಲಿ ಕೇಳಿರಲಿಲ್ಲ. ಅವಳು ಗಡಿಯಾರಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಅಕ್ಕನ ಮನೆ ಬೆಟ್ಟದ ಆಚೆ, ಸ್ಟೇಷನ್ನಿನ ಗೋಪುರ ಬೆಟ್ಟದ ಈಚೆ, ಮಾರ್ಕೆಟ್ ಕಟ್ಟಡದ ಮಾಳಿಗೆಯ ಮೇಲೆ. ನಡುವಿನ ಬೆಟ್ಟ ಸಿಗ್ನಲ್ಲನ್ನೆಲ್ಲ ನುಂಗಿಹಾಕುತ್ತಿತ್ತು. ಅಕ್ಕನ ಅಡುಗೆಮನೆಯ ರೇಡಿಯೋ ಹಿಡಿಯುತ್ತಿದ್ದದ್ದು ಬೆಟ್ಟದ ನೆತ್ತಿಯಲ್ಲಿ ಗೋಪುರವಿದ್ದ ಎದುರಾಳಿ ಸ್ಟೇಷನ್ನನ್ನು. ಸಾಲದ್ದಕ್ಕೆ ಅದರ ತಿರುಗಿಸುವ ಗುಂಡಿ ಎಂದೋ ಮುರಿದು, ಮುಳ್ಳು ಅಲ್ಲೇ ಕಚ್ಚಿಕೊಂಡಿತ್ತು. ಆ ಸ್ಟೇಷನ್ನಿನಲ್ಲಿ ಬೆಳಗ್ಗೆ ಮಾತಾಡುವ ಗಂಭೀರ ದನಿಯ ಮಹಾಶಯನೆಂದರೆ ಅಕ್ಕನಿಗೆ ಪಂಚಪ್ರಾಣ. ತಂಗಿ ಒಮ್ಮೆ ತನ್ನ ಕಾರ್ಯಕ್ರಮವನ್ನು ಟೇಪು ಮಾಡಿ ಒಯ್ದಾಗ, ಟೇಪಿನಲ್ಲಿ ಯಾರು ಬೇಕಾದರೂ ಮಾತಾಡುತ್ತಾರೆ, ರೇಡಿಯೋದಲ್ಲಿ ಬಂದಾಗ ಹೇಳು ಎಂದು ಅಕ್ಕ ಸೊಪ್ಪು ಸೋಸುತ್ತ ಕೂತಳು. ಗಡಿಯಾರಮ್ಮ ನಕ್ಕು ಎದ್ದು ಬಂದಳು. ಆದರೆ ಆ ಮಾತು ಎದೆಗೆ ನಾಟಿತ್ತು.

ಹೀಗಿರುವಾಗ ಲಾರಿ ಕಂಪನಿಯ ಯಜಮಾನನೊಬ್ಬ ಎರಡೂ ಸ್ಟೇಷನ್ನುಗಳನ್ನು ಒಟ್ಟಿಗೇ ಕೊಂಡುಬಿಟ್ಟ. ಯಾವ ಸರಕನ್ನು ಯಾವ ದಾರಿಯಲ್ಲಿ ಸಾಗಿಸಬೇಕೆಂದು ಯೋಚಿಸುವುದೇ ಅವನ ಕಸುಬು. ಹೆಚ್ಚು ಜನ ಕೇಳುವ ಗಡಿಯಾರಮ್ಮನ ಕಾರ್ಯಕ್ರಮವನ್ನು ಬೆಟ್ಟದ ಗೋಪುರಕ್ಕೆ, ಮಹಾಶಯನನ್ನು ಮಾರ್ಕೆಟ್ ಮಾಳಿಗೆಗೆ ಸಾಗಿಸಿದ. ಸೋಮವಾರದಿಂದ ಅದಲುಬದಲು.

ಅಕ್ಕನ ಮುಳ್ಳು ಕಚ್ಚಿಕೊಂಡ ಜಾಗಕ್ಕೇ ತಾನು ಹೋಗಿ ಕೂರುತ್ತೇನೆಂದು ಹೊಳೆದದ್ದೇ ತಡ, ಗಡಿಯಾರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನಿಗೆ ಸುಳಿವು ಕೊಡಲಿಲ್ಲ. ಅಡುಗೆಗೆ ಎರಡೆರಡು ಸಲ ಉಪ್ಪು ಹಾಕಿದಳು, ಸಾಕು ಎಂದ ಗಂಡನಿಗೆ ಅದನ್ನೇ ಮತ್ತೆ ಬಡಿಸಿದಳು. ಗಂಡ ಪಾಪ, ನೀರು ಕುಡಿಕುಡಿದು ತಿಂದ.

ಸೋಮವಾರ ಬೆಳಗ್ಗೆ ಅವಳ ಮಾತಿಗೆ ಬ್ರೇಕೇ ಇರಲಿಲ್ಲ. ಹಾಡಿಗಿಂತ ನಗುವೇ ಹೆಚ್ಚಾಯಿತು. ಕೇಳುಗರ ಕರೆಯನ್ನು ಸೋಸದೆ ನೇರವಾಗಿ ಪ್ರಸಾರಕ್ಕೆ ಬಿಡುವುದು ಅವಳ ಕಾರ್ಯಕ್ರಮದ ರೂಢಿ. ಮೊದಲ ಕರೆಗೆ ಇನ್ನೂ ನಮಸ್ಕಾರ ಎನ್ನುವಷ್ಟರಲ್ಲೇ ಆ ಕಡೆಯವರು ಶುರು ಹಚ್ಚಿಕೊಂಡರು.

"ನೋಡಮ್ಮ, ದಿನಾ ಬರೋ ಮಹಾಶಯರು ಎಲ್ಲಿ ಹೋದ್ರು? ಯಾರೋ ಹೆಂಗಸು ಬಂದು ವಟವಟ ಅಂತಿದಾಳೆ. ಅವಳನ್ನ ಎಬ್ಬಿಸಿ ಅವರನ್ನ ಕೂರಿಸಿ."

ಆ ದನಿ ಅವಳಿಗೆ ಗೊತ್ತಿಲ್ಲದ್ದೇ? ಮೈಕಿನತ್ತ ಬಾಗಿದಳು.

"ಅಕ್ಕಾ, ಆ ಹೆಂಗಸು ನಾನೇ."

ಫೋನಿನಲ್ಲಿ, ಅಕ್ಕನ ಅಡುಗೆಮನೆಯ ರೇಡಿಯೋದಿಂದ ಅದೇ ಮಾತು ಮತ್ತೊಮ್ಮೆ ಕೇಳಿಸಿತು. ಅಲ್ಲಿ ತನ್ನ ದನಿ ಹೇಗಿರುತ್ತದೆಂದು ಗಡಿಯಾರಮ್ಮನೂ ಇದೇ ಮೊದಲು ಕೇಳಿದ್ದು.

"ನೀನೇನೇ?" ಅಕ್ಕನ ದನಿ ಸಣ್ಣಗಾಯಿತು. "ತಡಿ, ಒಲೆ ಆರಿಸಿ ಬರ್ತೀನಿ. ನಾನು ಬಂದು ಕೂತ್ಕೊಳ್ಳೋವರೆಗೂ ಏನೂ ಹೇಳ್ಬೇಡ."

ಗಾಜಿನಾಚೆ ನಿಂತಿದ್ದ ಹೊಸ ಯಜಮಾನ ಮಾತಾಡಿ, ಮಾತಾಡಿ ಎಂದು ಕೈ ಬೀಸಿದ. ಪಕ್ಕದಲ್ಲಿದ್ದ ತಾಂತ್ರಿಕ ಹಾಡು ಹಾಕಲು ಬೆರಳು ಎತ್ತಿದ. ಗಡಿಯಾರಮ್ಮ ಬೇಡವೆಂದು ತಲೆಯಾಡಿಸಿ, ಅಂಗೈಯಲ್ಲಿ ಕಣ್ಣೊರೆಸಿಕೊಂಡು, ಬಾಯಿ ಮುಚ್ಚಿ ಕೂತಳು. ನಗರಕ್ಕೆ ನಗರವೇ ಬೆಟ್ಟದಾಚೆಯ ಅಡುಗೆಮನೆಯೊಂದರಲ್ಲಿ ಕುರ್ಚಿ ಎಳೆಯುವ ಸದ್ದನ್ನು ಕೇಳಿತು.