ಮಾತೃಪೂಜೆಯ ಕುರ್ಚಿ

ಶಾಲೆಯ ಆಯಮ್ಮನ ಎಡಗಾಲಿನ ಹೆಬ್ಬೆರಳ ಮೇಲೆ ಅರಿಶಿನ ಇನ್ನೂ ಹಸಿಯಾಗಿತ್ತು. ಅದನ್ನು ಆಕೆ ಸೀರೆಯ ಅಂಚಿನಿಂದ ಒರೆಸಿಕೊಳ್ಳುತ್ತಿದ್ದಾಗ ನಾನು ನರ್ಸರಿಯ ಬಾಗಿಲಿಗೆ ಬಂದು ನಿಂತೆ. ಹನ್ನೊಂದೂ ಇಪ್ಪತ್ತಾಗಿತ್ತು.

ಅಂದು ಮಗಳ ಶಾಲೆಯಲ್ಲಿ ಮಾತೃಪೂಜೆ. ತಾಯಂದಿರು ಸಾಲಾಗಿ ಕುರ್ಚಿಗಳಲ್ಲಿ ಕೂರಬೇಕು. ಮಕ್ಕಳು ಅವರ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕರಿಸಬೇಕು. ಹತ್ತೂವರೆಗೆ ಸರಿಯಾಗಿ ಬರಬೇಕು, ರೇಷ್ಮೆ ಸೀರೆ ಉಡಬೇಕು, ತಟ್ಟೆ ತಂಬಿಗೆ ಮಗುವಿನ ಕೈಯಲ್ಲಿ ಕಳಿಸಬೇಕು ಎಂದು ಡೈರಿಯಲ್ಲಿ ಬರೆದಿದ್ದರು. ಆ ತಿಂಗಳು ಶಾಲೆಯಿಂದ ಬಂದ ಮೂರನೆಯ ಕರೆ ಅದು. ವೇಷಭೂಷಣದ ದಿನಕ್ಕೆ ಆಗಲೇ ರಜೆ ಹಾಕಿದ್ದೆ. ಈ ತೆಲುಗು ಊರಿನ ಬೇಗಂಪೇಟೆಯಲ್ಲಿದ್ದ ನಮ್ಮ ಆಫೀಸಿನಲ್ಲಿ ಮತ್ತೆ ರಜೆ ಕೇಳುವ ಮುಖ ಇರಲಿಲ್ಲ. ಎರಡು ತಾಸಿನ ಪರ್ಮಿಷನ್ ಕೇಳಿದ್ದೆ.

ಹಿಂದಿನ ದಿನ ಅತ್ತೆ, "ನಾ ಹೋಗ್ತೀನಿ ಬಿಡವಾ. ಅಜ್ಜಿ ಕೂತ್ರ ಏನಾತು?" ಅಂದಿದ್ದರು.

ಎಲ್ಲರ ತಾಯಂದಿರ ನಡುವೆ ನನ್ನ ಕುರ್ಚಿಯಲ್ಲಿ ಅಜ್ಜಿ ಕೂತರೆ ನೋಡಿದವರು ನನ್ನನ್ನು ಎಂಥವಳೆಂದುಕೊಂಡಾರು ಎಂಬುದು ನನ್ನ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಬ್ಯಾಡ್ರಿ, ನಾನ ಹೋಗ್ತೀನಿ" ಎಂದೆ.

ಆಫೀಸಿನಿಂದ ಹೊರಡುವಾಗ ಸಾಹೇಬರು ಒಂದು ಪತ್ರವನ್ನು ತಿದ್ದಿ ಮತ್ತೆ ಟೈಪ್ ಮಾಡಲು ಕೊಟ್ಟರು. ಆಗುವುದಿಲ್ಲ ಎನ್ನಲಾಗಲಿಲ್ಲ.

ನಾನು ಬರುವಷ್ಟರಲ್ಲಿ ಪೂಜೆ ಮುಗಿದು ಕುರ್ಚಿಗಳು ಖಾಲಿಯಾಗಿದ್ದವು. ಪೂಜೆಯ ಹೊತ್ತಿಗೆ ಮಗಳು ತಂಬಿಗೆ ಹಿಡಿದು ನನ್ನ ಖಾಲಿ ಕುರ್ಚಿಯ ಮುಂದೆ ಅಳುತ್ತ ನಿಂತಿದ್ದಳಂತೆ. ನೆಲ ಒರೆಸುತ್ತಿದ್ದ ಆಯಮ್ಮ ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಂದು ಆ ಕುರ್ಚಿಯಲ್ಲಿ ಕೂತಳಂತೆ. ಟೀಚರು ಇದನ್ನು ಹೇಳಿದಾಗ ಆಯಮ್ಮ ಸಂಕೋಚದಿಂದ, ಮಗು ಅಳುವುದನ್ನು ನೋಡಲಾಗಲಿಲ್ಲ, ಅದಕ್ಕೇ ಕೂತೆ ಎಂದು ತೆಲುಗಿನಲ್ಲಿ ಹೇಳಿದಳು, ತಪ್ಪು ಮಾಡಿದವಳ ಹಾಗೆ.

ನಾನು ಆಕೆಯ ಕಡೆ ತಿರುಗಲಿಲ್ಲ. ಫೋಟೋದವನು ಇನ್ನೂ ಇದ್ದಾನೆಯೇ ಎಂದು ಟೀಚರನ್ನು ಕೇಳಿದೆ. ಇದ್ದ. ಅದೇ ಕುರ್ಚಿಯಲ್ಲಿ ಕೂತು ಮತ್ತೊಂದು ತಂಬಿಗೆ ನೀರು ತರಿಸಿದೆ. ತಂದುಕೊಟ್ಟವಳು ಆಯಮ್ಮನೇ.

"ಆಗ್ಲೇ ಮಾಡೇನಲ್ಲ ಅಮ್ಮಾ," ಎಂದಳು ಮಗಳು.

"ಇನ್ನೊಮ್ಮೆ ಮಾಡು, ಲಗೂ. ಅಮ್ಮಗ ಆಫೀಸ್ ಐತಿ."

ಮಾಡಿದಳು. ಫೋಟೋ ತೆಗೆಯುವಾಗ ಅವಳು ನನ್ನನ್ನೂ ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಆಯಮ್ಮನನ್ನು ನೋಡುತ್ತಿದ್ದಳು.

ಸಂಜೆ ಅತ್ತೆ ಪುಂಡಿಪಲ್ಯದ ಸೊಪ್ಪು ಬಿಡಿಸಿ ಸೋಸುತ್ತ ಪೂಜೆ ಹೇಗಾಯಿತೆಂದು ಕೇಳಿದರು. ಚೆನ್ನಾಗಾಯಿತು ಎಂದೆ. ಮಗಳು ಸರಿಪಡಿಸಿದಳು: "ಮೊದಲ ಆಯಮ್ಮಂದು ತೊಳದೆ. ಆಮ್ಯಾಲೆ ಅಮ್ಮಂದು."

ಯಾರ ಕಾಲನ್ನೋ ತೊಳೆಸಿದೆಯಾ ಎಂದು ಅತ್ತೆ ಸಿಡುಕುತ್ತಾರೆ ಎಂದುಕೊಂಡೆ. ಅವರು, "ಛಲೋ ಆತು, ಅಕಿಯಾದ್ರೂ ಕೂತಳಲ್ಲ," ಎಂದರು. ಒಂದು ದಂಟನ್ನು ಪಕ್ಕಕ್ಕಿಟ್ಟು, "ನೀ ಏನಂದಿ ಅಕಿಗೆ?" ಎಂದು ಕೇಳಿದರು.

"ಏನೂ ಅನ್ನಲಿಲ್ರಿ."

ಅತ್ತೆ ಎಲೆ ಸೋಸುತ್ತಲೇ ಇದ್ದರು. ಅವರು ಬೈದಿದ್ದರೆ ಉತ್ತರ ಹೇಳುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಮಗಳನ್ನು ಆಟೋದಲ್ಲಿ ಕಳಿಸಲಿಲ್ಲ, ನಾನೇ ನಡೆಸಿಕೊಂಡು ಹೋದೆ. ಗೇಟಿನಲ್ಲಿ ಆಯಮ್ಮ ಅವಳ ಕೈ ಹಿಡಿಯಲು ಬಂದಳು. ದಾರಿಯುದ್ದಕ್ಕೂ ತೆಲುಗಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಎರಡೇ ಬಾಯಿಗೆ ಬಂದವು: ನಿನ್ನೆ ನನ್ನ ಮಗಳ ಮುಂದೆ ನೀವು ಕೂತಿರಿ, ನಿಮ್ಮ ಎದುರಿಗೇ ಪೂಜೆಯನ್ನು ಮತ್ತೆ ಮಾಡಿಸಿದ್ದು ನನ್ನ ತಪ್ಪು. ಆಕೆ ನಾಚಿಕೊಂಡು, ನಿಮಗೆ ತಡವಾಗುತ್ತದಮ್ಮಾ ಎಂದು ಮಗಳ ಚೀಲ ತೆಗೆದುಕೊಂಡಳು. ನಾನು ಗೇಟಿನ ಹೊರಗೆ, ಅವರಿಬ್ಬರೂ ಒಳಗೆ ಹೋಗುವವರೆಗೆ ನಿಂತಿದ್ದೆ.